ರಾಜ್ಯ ಅಳಿದ ಮೇಲೂ ಆಡಿದ ತಂಡ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಇಲ್ಲವಾಯಿತು. ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು 4–2 ಗೋಲುಗಳಿಂದ ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ದೇಶವೂ ಅದುವರೆಗೆ ಆ ಹಂತಕ್ಕೆ ಹೋಗಿರಲಿಲ್ಲ. ಮೂರು ಗೋಲು ಹೊಡೆದವರು ಮುಂಬೈಯ ನೆವಿಲ್ ಡಿಸೋಜಾ. ಆದರೆ ತಂಡದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು. ನೂರ್ ಮಹಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್, ಸಿಕಂದರಾಬಾದಿನ ತುಳಸಿದಾಸ್ ಬಲರಾಂ ಮೊದಲಾದ ಆಟಗಾರರೂ ಅದೇ ನೆಲದಿಂದ ಬಂದವರು. ಯಾವ ರಾಜ್ಯದ ಹೆಸರಿನಲ್ಲಿ ಅವರು ಬೆಳೆದರೋ ಆ ರಾಜ್ಯ, ಅವರು ಒಲಿಂಪಿಕ್ಸ್‌ನಲ್ಲಿ ಆಡುವ ಹೊತ್ತಿಗೆ, ಭೂಪಟದಲ್ಲಿ ಇರಲಿಲ್ಲ.

2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ರಹೀಮರ ಹೆಸರು ಹೊಸ ತಲೆಮಾರಿಗೂ ಪರಿಚಯವಾಯಿತು. ಸಂತೋಷದ ಸಂಗತಿಯೇ. ಆದರೆ ಚಲನಚಿತ್ರಕ್ಕೆ ಬೇಕಾದದ್ದು ಭಾರತ ತಂಡ. ಅದರ ಹಿಂದಿದ್ದ ಹೈದರಾಬಾದ್ ತಂಡದ ಕಥೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳವರಾದ ನಮಗೆ ಬೇರೆಯೇ ಕಾರಣಕ್ಕೆ ಮುಖ್ಯ. ಅದು ನಾವು ಬಿಟ್ಟುಬಂದ ತಂಡ. ಬಿಟ್ಟುಬಂದ ಮೇಲೆ ಅದರ ಸ್ಥಾನದಲ್ಲಿ ಇನ್ನೊಂದು ತಂಡ ನಮಗೆ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಹೈದರಾಬಾದಿನ ಫುಟ್‌ಬಾಲಿಗೆ ಎರಡು ಕಾಲುಗಳಿದ್ದವು: ಒಂದು ಶಾಲೆ, ಇನ್ನೊಂದು ಪೊಲೀಸ್ ಇಲಾಖೆ. 1909ರಲ್ಲಿ ಹುಟ್ಟಿದ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1940ರ ದಶಕದಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರ. ಅವರ ಕ್ರಮಗಳಲ್ಲಿ ಮೇಷ್ಟರ ಬುದ್ಧಿ ಎದ್ದು ಕಾಣುತ್ತದೆ. ಚೆಂಡನ್ನು ಒಬ್ಬರೇ ಉರುಳಿಸಿಕೊಂಡು ಹೋಗಬಾರದು, ಕೂಡಲೇ ಜೊತೆಗಾರನಿಗೆ ಕೊಡಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನು ಅವರು ಹುಡುಗರಿಗಾಗಿ ನಡೆಸಿದರು. ಬಲಗಾಲಿನ ಹುಡುಗ ಎಡಗಾಲಿನಲ್ಲಿಯೇ ಆಡಬೇಕೆಂಬ ಪಂದ್ಯಗಳನ್ನೂ ಏರ್ಪಡಿಸಿದರು. ಇದಕ್ಕೆಲ್ಲ ಬೇಕಾದದ್ದು ಒಂದು ಬಯಲು, ಕೆಲವು ಚೆಂಡುಗಳು ಮತ್ತು ಪಟ್ಟುಬಿಡದ ಒಬ್ಬ ವ್ಯಕ್ತಿ. ವಿದೇಶಿ ತಜ್ಞರ ವರದಿ ಬೇಕಾಗಿರಲಿಲ್ಲ.

ಎರಡನೆಯ ಕಾಲು ಪೊಲೀಸ್ ಇಲಾಖೆ. ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಒಂದು ಹೊರನಾಡಿನ ಪ್ರಸಂಗ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ರಗ್ಬಿ ಆಟ 1895ರಲ್ಲಿ ಎರಡಾಗಿ ಒಡೆಯಿತು. ಒಡೆದದ್ದು ಆಟದ ನಿಯಮಕ್ಕಾಗಿ ಅಲ್ಲ, ಕೂಲಿಗಾಗಿ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಕಾರ್ಮಿಕರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ಲಂಡನ್ನಿನ ಸ್ಥಿತಿವಂತರು, ಹಣ ಪಡೆದು ಆಡುವುದು ಆಟದ ಘನತೆಗೆ ಕುಂದು ಎಂದರು. 20ಕ್ಕೂ ಹೆಚ್ಚು ಕ್ಲಬ್‌ಗಳು ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಎಂಬ ಪ್ರತ್ಯೇಕ ಆಟವಾಯಿತು. ಬಡವನ ಮನೆಯ ಹುಡುಗ ಆಡಬೇಕಾದರೆ ಅವನ ಹೊಟ್ಟೆಯ ಲೆಕ್ಕ ಮೊದಲು ಚುಕ್ತಾ ಆಗಬೇಕು ಎಂಬುದು ಆ ಒಡಕಿನ ತಿರುಳು.

ಹೈದರಾಬಾದಿನಲ್ಲಿ ಅದೇ ಸಮಸ್ಯೆಗೆ ಸಿಟಿ ಪೊಲೀಸ್ ಉತ್ತರವಾಯಿತು. ಆಟಗಾರನಿಗೆ ಸಮವಸ್ತ್ರ, ತಿಂಗಳ ಸಂಬಳ, ನಿವೃತ್ತಿ ವೇತನ, ಬೆಳಿಗ್ಗೆ ಮೈದಾನ. ಫಲಿತಾಂಶ ದಾಖಲೆಯಲ್ಲಿದೆ. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಈ ಪೊಲೀಸರದ್ದು. 1950 ಮತ್ತು 1954ರಲ್ಲಿ ಡುರಾಂಡ್ ಕಪ್ ಕೂಡ. ಕಲ್ಕತ್ತದ ದೊಡ್ಡ ಕ್ಲಬ್‌ಗಳ ಬಳಿ ಹಣ, ಪತ್ರಿಕೆಗಳು, ಲಕ್ಷಾಂತರ ಅಭಿಮಾನಿಗಳು ಇದ್ದ ಕಾಲದಲ್ಲಿ ಒಂದು ಊರಿನ ಕಾನ್‌ಸ್ಟೇಬಲ್‌ಗಳು ಇದನ್ನು ಸಾಧಿಸಿದರು.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಎಂಬ ಹೆಸರಿನಲ್ಲಿ ಭಾರತದ ಸೇನೆ ಹೈದರಾಬಾದ್ ಪ್ರವೇಶಿಸಿತ್ತು. ಅದಕ್ಕೆ ಮೊದಲಿನ ರಜಾಕಾರರ ಹಾವಳಿ, ನಂತರದ ಹಿಂಸೆ, ಎರಡನ್ನೂ ಬೀದರ್ ಜಿಲ್ಲೆಯ ಹಳ್ಳಿಗಳು ಕಂಡಿವೆ. ಹೀಗಿರುವಾಗ ಎರಡೇ ವರ್ಷಗಳಲ್ಲಿ ಅದೇ ನಗರದ ತಂಡ ಭಾರತದ ಮೈದಾನಗಳಲ್ಲಿ ಚಪ್ಪಾಳೆ ಗಿಟ್ಟಿಸತೊಡಗಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದ ತರಬೇತುದಾರರೂ ರಹೀಮ್ ಅವರೇ. ವಿಲೀನದ ರಾಜಕೀಯ ಇತಿಹಾಸವನ್ನು ಬರೆದವರು ಈ ಸಂಗತಿಗೆ ಒಂದು ಅಡಿಟಿಪ್ಪಣಿಯನ್ನಾದರೂ ಕೊಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಹೈದರಾಬಾದ್ ತಂಡಕ್ಕೆ ಬಹುಕಾಲ ಬಂಗಾಳ ಅಡ್ಡಿಯಾಗಿತ್ತು. 1949–50 ಮತ್ತು 1950–51ರ ಎರಡೂ ಫೈನಲ್‌ಗಳಲ್ಲಿ ಸೋಲು. ಕೊನೆಗೆ ಪ್ರಶಸ್ತಿ ಬಂದದ್ದು 1956–57ರಲ್ಲಿ. ರಾಜ್ಯ ಅಳಿದ ಋತುವಿನಲ್ಲಿ. ಮರುವರ್ಷ 1957–58ರಲ್ಲಿ, ತನ್ನದೇ ನಗರದಲ್ಲಿ, ಮುಂಬೈಯನ್ನು ಸೋಲಿಸಿ ಎರಡನೆಯ ಬಾರಿಯೂ ಗೆದ್ದಿತು. ಆ ಹೊತ್ತಿಗೆ ‘ಹೈದರಾಬಾದ್’ ಎಂಬ ರಾಜ್ಯವೇ ಇಲ್ಲ. ರಾಜ್ಯಗಳ ಚಾಂಪಿಯನ್ ಮಾತ್ರ ಹೈದರಾಬಾದ್! 1959ರಲ್ಲಿ ಹೈದರಾಬಾದ್ ಮತ್ತು ಆಂಧ್ರ ಸಂಸ್ಥೆಗಳು ಒಂದಾಗಿ ಆಂಧ್ರಪ್ರದೇಶ ಫುಟ್‌ಬಾಲ್ ಸಂಸ್ಥೆ ರೂಪುಗೊಂಡ ಮೇಲೆ ಈ ವಿಚಿತ್ರ ಕೊನೆಗೊಂಡಿತು. ಕ್ರಿಕೆಟ್ಟಿನಲ್ಲಿ ಅದೂ ಆಗಲಿಲ್ಲ. 1937–38ರಲ್ಲಿ ರಣಜಿ ಟ್ರೋಫಿ ಗೆದ್ದ ಹೈದರಾಬಾದ್ 1986–87ರಲ್ಲಿ ಮತ್ತೆ ಗೆದ್ದಿತು. ಈಗಲೂ ಅದೇ ಹೆಸರಿನಲ್ಲಿ ಆಡುತ್ತಿದೆ.

ಆಟದ ನಕ್ಷೆ ಆಡಳಿತದ ನಕ್ಷೆಯನ್ನು ಅನುಸರಿಸಲೇಬೇಕೆಂದಿಲ್ಲ. ಐರ್ಲೆಂಡ್ ದ್ವೀಪ ರಾಜಕೀಯವಾಗಿ ಎರಡು. ರಗ್ಬಿಯಲ್ಲಿ ಒಂದೇ ತಂಡ. ಆ ದೇಶದ ರಗ್ಬಿ ಲೀಗ್ ತಂಡದ ಕಥೆಯಂತೂ ಇನ್ನೂ ಸ್ವಾರಸ್ಯಕರ. 1995ರಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕದ ವಿರುದ್ಧ ಮೊದಲ ಪಂದ್ಯವಾಡಿದ ಆ ಪುಟ್ಟ ತಂಡ ಐದೇ ವರ್ಷಗಳಲ್ಲಿ, 2000ದ ವಿಶ್ವಕಪ್‌ನಲ್ಲಿ, ಕ್ವಾರ್ಟರ್ ಫೈನಲ್ ತಲುಪಿತು. ಆಟಗಾರರಲ್ಲಿ ಬಹುಪಾಲು ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಐರಿಷ್ ಮೂಲದವರು. ಅಜ್ಜನೋ ಅಜ್ಜಿಯೋ ಅಲ್ಲಿಯವರಾಗಿದ್ದರೆ ಮೊಮ್ಮಗ ಆ ಅಂಗಿ ತೊಡಬಹುದು. ಅಲ್ಲಿ ನೆಲ ದೂರ, ತಂಡ ಹತ್ತಿರ. ನಮ್ಮದು ತಿರುಗುಮುರುಗು: ಜನ ತಮ್ಮ ಊರಿನಲ್ಲೇ ಉಳಿದರು, ತಂಡ ಗಡಿಯಾಚೆ ಹೋಯಿತು.

ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ನು ಓದಿದವರಿಗೆ ಅದರ ಸೂಕ್ಷ್ಮತೆ ಗೊತ್ತಿರುತ್ತದೆ. ಬೀದರ್ ಜಿಲ್ಲೆಯ ಅಹಮದ್‌ಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ, ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಹೊರತುಪಡಿಸಿ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ, ಉಳಿದದ್ದು ಮೈಸೂರಿಗೆ. ಸರ್ಕಲ್‌ಗಳವರೆಗೆ ಗೆರೆ ಎಳೆದರು. ಸಾಲ, ಖಜಾನೆ, ನಿವೃತ್ತಿ ವೇತನ, ನೌಕರರ ಹಂಚಿಕೆ, ನ್ಯಾಯಾಲಯದಲ್ಲಿದ್ದ ವ್ಯಾಜ್ಯಗಳು, ಎಲ್ಲಕ್ಕೂ ಒಂದೊಂದು ಕಲಮು. ಇಲಾಖೆಗಳಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಆ ಕರಡನ್ನು ಸಿದ್ಧಪಡಿಸಿದವರ ಬಗ್ಗೆ ಗೌರವವೇ ಹುಟ್ಟುತ್ತದೆ. ಕ್ರೀಡಾಸಂಸ್ಥೆಗಳು ಖಾಸಗಿ ಸಂಘಗಳಾದ್ದರಿಂದ ಅವುಗಳ ಮಾತು ಅಲ್ಲಿ ಬರುವಂತಿರಲಿಲ್ಲ. ಹೊಸ ಜಿಲ್ಲೆಗಳನ್ನು ಮೈಸೂರಿನ ಕ್ರೀಡಾವ್ಯವಸ್ಥೆ ಹೇಗೆ ಬರಮಾಡಿಕೊಳ್ಳಬೇಕು ಎಂಬುದು ಯಾರ ಕಡತದಲ್ಲೂ ಇರಲಿಲ್ಲ.

ಮೈಸೂರಿನ ಫುಟ್‌ಬಾಲ್ ಕಡಿಮೆಯದೇನಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹಮದ್ ಖಾನ್ ಕೂಡ. ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ಅದು ಹಲಸೂರು, ಆಸ್ಟಿನ್ ಟೌನ್‌ಗಳಂಥ ದಂಡುಪ್ರದೇಶದ ಬೀದಿಗಳ, ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ತಂಡ. ಅಲ್ಲಿಯೂ ಹುಡುಗರನ್ನು ಸಾಕಿದ್ದು ಸಂಬಳವೇ. ಆ ಬೀದಿಗಳಿಂದ ಬೀದರ್ ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದ್ ಸುಮಾರು 140 ಕಿಲೋಮೀಟರ್.

ಹಳೆಯ ಹೈದರಾಬಾದ್ ತಂಡವನ್ನು ಬೀದರಿನವರೇ ಕಟ್ಟಿದರೆಂಬಂತೆ ಮಾತನಾಡುವುದು ತಪ್ಪಾಗುತ್ತದೆ. ರಹೀಮರ ಹೆಸರಾಂತ ಆಟಗಾರರು ಹೈದರಾಬಾದ್–ಸಿಕಂದರಾಬಾದ್ ಗಲ್ಲಿಗಳ ಹುಡುಗರು. ನಿಜಾಮನ ಕಾಲದಲ್ಲಿ ಜಿಲ್ಲೆಗಳಿಂದ ಕಂದಾಯ ನಗರಕ್ಕೆ ಹೋಗುತ್ತಿತ್ತು, ಅಲ್ಲಿಂದ ಮೈದಾನಗಳು ಜಿಲ್ಲೆಗೆ ಬರುತ್ತಿರಲಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಗಾಂಧಿ ಗಂಜ್‌ನ ದವಸದ ವರ್ತಕನಿಗೆ ತೊಗರಿ, ಉದ್ದಿನ ದರಕ್ಕಾಗಿ ಹೈದರಾಬಾದ್ ಮತ್ತು ಲಾತೂರಿನ ಕಡೆ ನೋಡುವುದು ಇಂದಿಗೂ ಸಹಜ. ಭಾಲ್ಕಿ, ಔರಾದ್‌ನ ರೋಗಿ ದೊಡ್ಡ ಆಸ್ಪತ್ರೆಗೆಂದು ಹೊರಟರೆ ದಾರಿ ಹೈದರಾಬಾದಿನದೇ. ಸರಕು, ರೋಗಿ, ವಿದ್ಯಾರ್ಥಿ, ಮದುವೆಯ ಜವಳಿ ಎಲ್ಲವೂ ಗಡಿಯನ್ನು ಲೆಕ್ಕಿಸದೆ ಹತ್ತಿರದ ನಗರಕ್ಕೆ ಹೋಗುತ್ತವೆ. ಆಟಗಾರ ಮಾತ್ರ ರಾಜ್ಯಸಂಸ್ಥೆಯ ನೋಂದಣಿಯ ಮೂಲಕ ಮೇಲೇರಬೇಕು, ಆದ್ದರಿಂದ ಅವನು ದೂರದ ನಗರಕ್ಕೇ ಹೋಗಬೇಕು.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳಿಂದ ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಅಷ್ಟು ಶ್ರಮದ ಅಳತೆಯಲ್ಲಿ ಆಟದ ಮೈದಾನಕ್ಕೆ, ದೈಹಿಕ ಶಿಕ್ಷಕರಿಗೆ ಜಾಗವಿರಲಿಲ್ಲ. ಆಸ್ಪತ್ರೆ ಹಾಸಿಗೆಗಳೇ ಇಲ್ಲದ ಕಡೆ ಗೋಲುಕಂಬ ಎಣಿಸುವುದು ಯಾರಿಗೂ ಹೊಳೆಯದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮುಂದೆ ಸಂವಿಧಾನದ 371(ಜೆ) ವಿಧಿ ಬಂತು. ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ದೊರೆಯಿತು. 2019ರಲ್ಲಿ ಪ್ರದೇಶದ ಹೆಸರೂ ಕಲ್ಯಾಣ ಕರ್ನಾಟಕ ಎಂದು ಬದಲಾಯಿತು. 2023–24ರ ಬಜೆಟ್‌ನಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ಈಗ ಹಣವಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಹಣವಿದ್ದಾಗ ನಮ್ಮ ಆಡಳಿತಕ್ಕೆ ತೋಚುವುದು ಕಟ್ಟಡ. ಕ್ರೀಡಾಂಗಣಕ್ಕೆ ಗ್ಯಾಲರಿ, ಗ್ಯಾಲರಿಗೆ ಬಣ್ಣ, ಬಣ್ಣಕ್ಕೆ ಉದ್ಘಾಟನೆಯ ಫಲಕ. ಹೈದರಾಬಾದ್ ತಂಡದ ಇತಿಹಾಸದಲ್ಲಿ ಕಟ್ಟಡಕ್ಕೆ ಪಾತ್ರವೇ ಇಲ್ಲವೆನ್ನಬಹುದು. ಅಲ್ಲಿದ್ದವು ಎರಡು ಸಂಬಳಗಳು: ಮೇಷ್ಟರದೊಂದು, ಆಟಗಾರನದೊಂದು. ಎರಡೂ ಸರ್ಕಾರದವೇ, ಎರಡೂ ಚಿಕ್ಕವೇ, ಆದರೆ ತಿಂಗಳು ತಪ್ಪದವು. ಮಂಡಳಿಯ ಅನುದಾನದ ಒಂದು ಸಣ್ಣ ಪಾಲಿನಲ್ಲಿ ಪ್ರತಿ ತಾಲ್ಲೂಕಿಗೆ ಒಬ್ಬ ಪೂರ್ಣಾವಧಿ ತರಬೇತುದಾರನನ್ನು ಹತ್ತು ವರ್ಷ ಉಳಿಸಿಕೊಳ್ಳಬಹುದು. ಪ್ರದೇಶದ ಪೊಲೀಸ್ ಘಟಕಗಳಲ್ಲಿ ಆಟಗಾರರ ತಂಡವೊಂದನ್ನು ಬೆಳೆಸಬಹುದು. ರಾಜ್ಯ ತಂಡದ ಆಯ್ಕೆಯ ಮೊದಲ ಸುತ್ತನ್ನು ಕಲಬುರಗಿಯಲ್ಲಿ ನಡೆಸುವುದಕ್ಕಂತೂ ಹೆಚ್ಚಿನ ಖರ್ಚೇ ಇಲ್ಲ. ಇದು ಮೀಸಲಾತಿಯ ಬೇಡಿಕೆ ಅಲ್ಲ. ತಂಡದಲ್ಲಿ ಜಾಗ ಕಾಲಿನ ಬಲದಿಂದಲೇ ಸಿಗಬೇಕು. ಆದರೆ ಆ ಕಾಲನ್ನು ನೋಡುವ ಕಣ್ಣು ಜಿಲ್ಲೆಗೆ ಬರಬೇಕು.

ರಹೀಮ್ 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2–1ರ ಗೆಲುವಿನೊಂದಿಗೆ ಎರಡನೆಯ ಏಷ್ಯನ್ ಚಿನ್ನ ತಂದುಕೊಟ್ಟು, ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನಂತರ ಆ ನಗರದ ಫುಟ್‌ಬಾಲ್ 1965–66ರ ಸಂತೋಷ್ ಟ್ರೋಫಿಯವರೆಗೆ ಬಂದು, ಕ್ರಮೇಣ ಇಳಿಯಿತು. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2021–22ರ ಇಂಡಿಯನ್ ಸೂಪರ್ ಲೀಗ್ ಗೆದ್ದರೂ, 2025ರಲ್ಲಿ ಮಾಲೀಕರು ಅದನ್ನು ದೆಹಲಿಗೆ ಒಯ್ದರು. ಖಾಸಗಿ ತಂಡಕ್ಕೆ ಊರು ಬದಲಿಸುವುದು ಅಂಗಡಿಯ ಫಲಕ ಬದಲಿಸಿದಷ್ಟೇ ಸುಲಭ.

ಕರ್ನಾಟಕ ಮಾತ್ರ 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಬೀದರಿಗೆ ಆ ತಂಡದ ಮೇಲೆ ಬೆಂಗಳೂರಿಗಿರುವಷ್ಟೇ ಹಕ್ಕಿದೆ. ಸದ್ಯಕ್ಕೆ ಔರಾದ್‌ನ ಒಬ್ಬ ಹುಡುಗ ಆ ಹಕ್ಕನ್ನು ಚಲಾಯಿಸಬೇಕಾದರೆ, ಮೊದಲು ಬೀದರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ಇಡೀ ರಾತ್ರಿಯ ರೈಲು, ನಿಲ್ದಾಣದಿಂದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಆಟೊ. ಆಮೇಲೆ, ನಿದ್ದೆಗೆಟ್ಟ ಕಾಲಿನಲ್ಲಿ, ಹಲಸೂರಿನ ಹುಡುಗನೊಂದಿಗೆ ಸ್ಪರ್ಧೆ.