ನಿಂತ ಹರಳು, ತಿರುಗುವ ಅಣು

ಗ್ಯಾಸ್ ಒಲೆಯ ಲೈಟರಿನೊಳಗೆ ಪಿಂಗಾಣಿಯ ಒಂದು ಪುಟ್ಟ ತುಂಡಿರುತ್ತದೆ. ಗುಂಡಿ ಒತ್ತಿದಾಗ ಅದರ ಮೇಲೆ ಬೀಳುವ ಏಟು ಸಾವಿರಾರು ವೋಲ್ಟ್‌ಗಳ ವಿದ್ಯುತ್ತಾಗಿ ಹೊರಬಂದು ಕಿಡಿ ಹಾರಿಸುತ್ತದೆ. ಗರ್ಭಿಣಿಯ ಹೊಟ್ಟೆಯ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಉಪಕರಣದ ತುದಿಯಲ್ಲಿ ಇದೇ ಬಗೆಯ ವಸ್ತು ವಿದ್ಯುತ್ತನ್ನು ಕಂಪನವಾಗಿಯೂ ಕಂಪನವನ್ನು ವಿದ್ಯುತ್ತಾಗಿಯೂ ಬದಲಿಸುತ್ತಿರುತ್ತದೆ. ಇಂಥ ಕೆಲಸಗಳಿಗೆ ಜಗತ್ತು ಬಹುಮಟ್ಟಿಗೆ ನೆಚ್ಚಿಕೊಂಡಿರುವುದು ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂ ಕೂಡಿದ ಒಂದು ಆಕ್ಸೈಡ್ ಪಿಂಗಾಣಿಯನ್ನು. ಅದರ ತೂಕದಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಸೀಸ. ಯುರೋಪಿನಲ್ಲಿ 2006ರಿಂದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸಕ್ಕೆ ನಿರ್ಬಂಧವಿದೆ. ಆದರೂ ಈ ಪಿಂಗಾಣಿಗೆ ವಿನಾಯಿತಿ ಸಿಗುತ್ತಲೇ ಬಂದಿದೆ, ಏಕೆಂದರೆ ಎಲ್ಲ ಕೆಲಸಕ್ಕೂ ಒದಗುವ ಬದಲಿ ಇನ್ನೂ ಕೈಗೆ ಬಂದಿಲ್ಲ.

ಬದಲಿಯ ಹುಡುಕಾಟ ಹಲವು ದಿಕ್ಕುಗಳಲ್ಲಿ ಸಾಗಿದೆ. ಅವುಗಳಲ್ಲಿ ಒಂದು ದಾರಿ, ಒಳಗಿನ ಅಣುಭಾಗಗಳು ತಿರುಗಬಲ್ಲಂಥ ಸ್ಫಟಿಕಗಳನ್ನೇ ವಿನ್ಯಾಸ ಮಾಡುವುದು. ಪಿಂಗಾಣಿಯಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಓಗೊಡುವುದು ನ್ಯಾನೊಮೀಟರಿನ ನೂರನೇ ಒಂದು ಭಾಗದಷ್ಟು ಸರಿಯುವ ಅಯಾನು. ಈ ಹೊಸ ಹರಳುಗಳಲ್ಲಿ ಆ ಕೆಲಸ ಮಾಡಬೇಕಾದದ್ದು ತನ್ನ ಅಚ್ಚಿನ ಸುತ್ತ ತಿರುಗುವ ಅಣುವಿನ ತುಣುಕು.

ಹಳೆಯ ಬೇರುಗಳು

ವಿದ್ಯುತ್ ಧ್ರುವೀಕರಣವನ್ನು ತಾನಾಗಿಯೇ ಹೊಂದಿದ್ದು, ಹೊರಗಿನ ಕ್ಷೇತ್ರ ತಿರುಗಿದರೆ ಅದನ್ನೂ ತಿರುಗಿಸುವ ಫೆರೊಎಲೆಕ್ಟ್ರಿಕ್ ಗುಣ ಮೊದಲು ಕಂಡದ್ದು 1920ರ ಸುಮಾರಿಗೆ, ಟಾರ್ಟಾರಿಕ್ ಆಮ್ಲದ ಒಂದು ಲವಣದಲ್ಲಿ. ಅಂದರೆ ಈ ಕಥೆ ಶುರುವಾದದ್ದೇ ಸಾವಯವ ವಸ್ತುವಿನಿಂದ. ಎರಡನೇ ಮಹಾಯುದ್ಧದ ಕಾಲಕ್ಕೆ ಬಂದ ಬೇರಿಯಂ ಟೈಟನೇಟ್ ಗಟ್ಟಿಮುಟ್ಟಾಗಿತ್ತು, ನೀರಿಗೆ ಕರಗುತ್ತಿರಲಿಲ್ಲ. ಅಲ್ಲಿಂದ ಪಿಂಗಾಣಿಯೇ ಮುಂದಾಯಿತು.

ಹರಳಿನೊಳಗೆ ಅಣುಗಳು ಕದಲದೆ ಕೂತಿರುತ್ತವೆ ಎಂಬ ನಂಬಿಕೆಯೂ ಆ ವೇಳೆಗಾಗಲೇ ಸಡಿಲಗೊಂಡಿತ್ತು. ಘನ ರೂಪದ ಹೈಡ್ರೋಜನ್ ಮತ್ತು ಮೀಥೇನ್‌ಗಳಲ್ಲಿ ಅಣುಗಳು ತಮ್ಮ ಜಾಗದಲ್ಲೇ ಇದ್ದು ತಿರುಗಬಲ್ಲವು ಎಂಬ ವಿವರಣೆ 1930ರ ಹೊತ್ತಿಗೆ ಬಂದಿತ್ತು. ಆದರೆ ಅದು ಪ್ರಕೃತಿ ಕೊಟ್ಟ ಚಲನೆ. ಬೇಕಾದ ಕಡೆ, ಬೇಕಾದಷ್ಟೇ ತಿರುಗುವಂತೆ ಹರಳನ್ನು ಕಟ್ಟುವ ಪ್ರಯತ್ನ ಗಂಭೀರವಾಗಿ ಶುರುವಾದದ್ದು ಈ ಶತಮಾನದ ಆರಂಭದ ಆಸುಪಾಸಿನಲ್ಲಿ.

ಜಾಗ ಮಾಡಿಕೊಡುವ ಕಲೆ

ಮೊದಲ ತೊಡಕು ಜಾಗದ್ದು. ಸಾವಯವ ಹರಳುಗಳಲ್ಲಿ ಅಣುಗಳು ಒಟ್ಟು ಜಾಗದ ಮೂರನೇ ಎರಡರಿಂದ ಮುಕ್ಕಾಲು ಪಾಲನ್ನು ತುಂಬಿಕೊಂಡಿರುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತಿರುವಾಗ ತಿರುಗುವುದೆಲ್ಲಿ? ಆದ್ದರಿಂದ ರಸಾಯನಶಾಸ್ತ್ರಜ್ಞರು ಅಣುವನ್ನೇ ಎರಡು ಪಾತ್ರಗಳಾಗಿ ಒಡೆದರು: ಅಲ್ಲಾಡದ ದಪ್ಪ ಚೌಕಟ್ಟು, ನಡುವೆ ತಿರುಗುವ ತೆಳು ಭಾಗ. ಬೆಂಜೀನ್ ಉಂಗುರವೊಂದನ್ನು ಎರಡೂ ಬದಿಯಿಂದ ಇಂಗಾಲದ ತ್ರಿಬಂಧಗಳ ಅಚ್ಚಿಗೆ ಸಿಕ್ಕಿಸಿ, ಆಚೀಚೆ ಕೊಡೆಯಂತೆ ಹರಡಿಕೊಂಡ ಗುಂಪುಗಳನ್ನು ಜೋಡಿಸಿದರೆ ಉಂಗುರಕ್ಕೆ ಉಸಿರಾಡುವಷ್ಟು ಜಾಗ ಉಳಿಯುತ್ತದೆ.

ತಿರುಗಲು ದಾಟಬೇಕಾದ ಶಕ್ತಿಯ ತಡೆ ಮೋಲ್‌ಗೆ 12 ಕಿಲೊಕ್ಯಾಲರಿಯಷ್ಟಿದ್ದರೆ, ಕೋಣೆಯ ತಾಪಮಾನದಲ್ಲಿ ಉಂಗುರ ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಮಗ್ಗುಲು ಬದಲಿಸುತ್ತದೆ. ತಡೆ 4ಕ್ಕೆ ಇಳಿದರೆ ಅದೇ ವೇಗ ನೂರು ಕೋಟಿ ದಾಟುತ್ತದೆ. ಲೋಹ-ಸಾವಯವ ಚೌಕಟ್ಟುಗಳು, ಅಂದರೆ 2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ರಂಧ್ರಮಯ ಹರಳುಗಳು, ಈ ಕೆಲಸವನ್ನು ಇನ್ನಷ್ಟು ಸುಲಭ ಮಾಡಿದವು. ಕೊಳವೆಯಾಕಾರದ ಪುಟ್ಟ ಇಂಗಾಲದ ಪಂಜರವೊಂದನ್ನು ಅಂಥ ಚೌಕಟ್ಟಿಗೆ ಅಡ್ಡಪಟ್ಟಿಯಾಗಿ ಇಟ್ಟಾಗ, 2 ಕೆಲ್ವಿನ್‌ಗೂ ಕೆಳಗಿನ ಕೊರೆಯುವ ಚಳಿಯಲ್ಲಿ ಅದು ಸೆಕೆಂಡಿಗೆ ಸಾವಿರ ಕೋಟಿ ಸಲದ ವೇಗದಲ್ಲಿ ಸುತ್ತಿದ್ದು ದಾಖಲಾಗಿದೆ.

ಇಂಥ ಚಲನೆಯನ್ನು ಅಳೆಯುವ ರೀತಿಯೂ ಸೊಗಸಾದದ್ದು. ಕ್ಷ-ಕಿರಣ ಚಿತ್ರದಲ್ಲಿ ತಿರುಗುವ ಭಾಗ ಬರೀ ಮಸುಕು. ಹಾಗಾಗಿ ಉಂಗುರದ ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯೂಟೀರಿಯಂ ಇಟ್ಟು, ಕಾಂತೀಯ ಅನುರಣನದ ಗೆರೆಯ ಆಕಾರ ತಾಪಮಾನದೊಂದಿಗೆ ಹೇಗೆ ಬದಲಾಗುತ್ತದೆಂದು ನೋಡುತ್ತಾರೆ. ವೇಗ ಎಷ್ಟು, ತಿರುವು ಎಷ್ಟು ಡಿಗ್ರಿ ಎಂಬುದೆಲ್ಲ ಆ ಗೆರೆಯಲ್ಲೇ ಇರುತ್ತದೆ.

ತಿರುಗುವುದು ಬೇರೆ, ಮಾತು ಕೇಳುವುದು ಬೇರೆ

ಸ್ವಚ್ಛಂದವಾಗಿ ಸುತ್ತುವ ಭಾಗದಿಂದ ವಿದ್ಯುತ್ ಉಪಕರಣಕ್ಕೆ ಲಾಭವಿಲ್ಲ. ಅದು ಕ್ಷೇತ್ರದ ಮಾತು ಕೇಳಬೇಕು. ಅದಕ್ಕಾಗಿ ಉಂಗುರದ ಒಂದೇ ಬದಿಯ ಎರಡು ಹೈಡ್ರೋಜನ್‌ಗಳನ್ನು ತೆಗೆದು ಫ್ಲೋರಿನ್ ಇಡುತ್ತಾರೆ. ಆಗ ಆ ಬದಿ ಋಣ, ಎದುರು ಬದಿ ಧನವಾಗಿ, ಉಂಗುರ ಒಂದು ದ್ವಿಧ್ರುವವಾಗುತ್ತದೆ.

ಇಲ್ಲಿ ಸಣ್ಣದೊಂದು ಲೆಕ್ಕ ಹಾಕಿ ನೋಡಬಹುದು. ಸುಮಾರು 3 ಡಿಬೈ ಬಲದ ದ್ವಿಧ್ರುವವಿರುವ ಹರಳಿನ ಪದರ ಒಂದು ಮೈಕ್ರೊಮೀಟರ್ ದಪ್ಪವಿದೆ, ಅದಕ್ಕೆ 10 ವೋಲ್ಟ್ ಕೊಡಲಾಗಿದೆ ಎಂದಿಟ್ಟುಕೊಳ್ಳೋಣ. ಕ್ಷೇತ್ರಕ್ಕೆ ಒಂದು ದ್ವಿಧ್ರುವದ ಮೇಲಿರುವ ಹಿಡಿತ, ಕೋಣೆಯ ಶಾಖ ಅದನ್ನು ಕದಲಿಸುವ ಶಕ್ತಿಯ 40ನೇ ಒಂದು ಭಾಗದಷ್ಟು ಮಾತ್ರ. ಒಂಟಿ ದ್ವಿಧ್ರುವ ಕ್ಷೇತ್ರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಕ್ಕಪಕ್ಕದ ದ್ವಿಧ್ರುವಗಳು ಪರಸ್ಪರ ಹಿಡಿದುಕೊಂಡು ಒಟ್ಟಾಗಿ ತಿರುಗಿದರೆ ಮಾತ್ರ ಕ್ಷೇತ್ರದ ಕೈ ಮೇಲಾಗುತ್ತದೆ. ಆದರೆ ಒಂದು ನ್ಯಾನೊಮೀಟರ್ ದೂರದಲ್ಲಿ ಇವುಗಳ ಪರಸ್ಪರ ಸೆಳೆತವೂ ಶಾಖದ ಶಕ್ತಿಯ ಅರ್ಧವನ್ನು ಮುಟ್ಟುವುದು ಕಷ್ಟ. ಹತ್ತಿರ ತಂದರೆ ಸೆಳೆತ ಹೆಚ್ಚುತ್ತದೆ, ತಿರುಗುವ ಜಾಗ ಹೋಗುತ್ತದೆ. ದೂರ ಇಟ್ಟರೆ ಜಾಗ ಸಿಗುತ್ತದೆ, ಒಗ್ಗಟ್ಟು ಹೋಗುತ್ತದೆ. ಈ ಸಂಶೋಧನೆಯ ಎರಡು ದಶಕಗಳ ಶ್ರಮವೆಲ್ಲ ಈ ಇಕ್ಕಟ್ಟಿನ ಸುತ್ತಲೇ ನಡೆದಿದೆ ಎಂದರೆ ತಪ್ಪಲ್ಲ.

ಜೋಡಣೆಯ ರೇಖಾಗಣಿತವೂ ಮುಖ್ಯ. ಒಂದೇ ಸಮತಲದಲ್ಲಿ ತಿರುಗುವ ದ್ವಿಧ್ರುವಗಳನ್ನು ಚೌಕದ ಜಾಲದಲ್ಲಿ ಇಟ್ಟರೆ ಅವು ಎದುರುಬದುರಾಗಿ ನಿಂತು ಒಂದರ ಬಲವನ್ನು ಇನ್ನೊಂದು ಕಳೆಯುತ್ತವೆ. ತ್ರಿಕೋನ ಜಾಲದಲ್ಲಿಟ್ಟರೆ ಎಲ್ಲವೂ ಒಂದೇ ಕಡೆ ಮುಖ ಮಾಡಲು ಒಲವು ತೋರುತ್ತವೆ. ಕಾಗದದ ಮೇಲೆ ಇದು ಸರಳ. ಫ್ಲಾಸ್ಕಿನಲ್ಲಿ ಬೆಳೆಯುವ ಹರಳು ಮಾತ್ರ ಯಾವ ಜಾಲಕ್ಕೆ ಒಗ್ಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವುದು ಇಂದಿಗೂ ಸುಲಭವಲ್ಲ.

ಎರಡೂ ಕಡೆಯ ವಾದ

ಸಂಶಯಪಡುವವರ ಮಾತಿನಲ್ಲಿ ತಿರುಳಿದೆ. ಇಂಥ ತಿರುಗುವ ತುಣುಕುಗಳು, ಅಂದರೆ ಅಣು ರೋಟರ್‌ಗಳು, ಶಿಸ್ತಾಗಿ ಸಾಲುಗಟ್ಟಿದ ಉದಾಹರಣೆಗಳು ಹೆಚ್ಚಾಗಿ ಕೊರೆಯುವ ಚಳಿಯಲ್ಲೇ ಸಿಕ್ಕಿವೆ. ಒಂದು ರೋಟರ್ ತಯಾರಿಸಲು ಹಲವು ಹಂತಗಳ ಸಂಶ್ಲೇಷಣೆ ಬೇಕು, ಕೊನೆಗೆ ಕೈಗೆ ಬರುವುದು ಮಿಲಿಗ್ರಾಂ ಲೆಕ್ಕದ ಪುಡಿ. ರಂಧ್ರಮಯ ಚೌಕಟ್ಟುಗಳಲ್ಲಿ ಕೆಲವು ತೇವಕ್ಕೆ ಕುಸಿಯುತ್ತವೆ. ಕ್ಷೇತ್ರಕ್ಕೆ ಹೊರಳುವ ಅಣುಗಳೇ ಬೇಕೆಂದರೆ ಟಿವಿ, ಮೊಬೈಲ್ ಪರದೆಗಳಲ್ಲಿ ದ್ರವಸ್ಫಟಿಕಗಳು ದಶಕಗಳಿಂದ ದುಡಿಯುತ್ತಿವೆ. ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ 1977ರಲ್ಲಿ ಮೊದಲು ಕಂಡದ್ದು ಬೆಂಗಳೂರಿನ ಪ್ರಯೋಗಾಲಯದಲ್ಲೇ.

ಆದರೆ ದ್ರವಸ್ಫಟಿಕದಲ್ಲಿ ಇಡೀ ಅಣುಗಳ ಹಿಂಡೇ ಹೊರಳಬೇಕು, ಆದ್ದರಿಂದ ಪ್ರತಿಕ್ರಿಯೆ ಸಾಮಾನ್ಯವಾಗಿ ಮಿಲಿಸೆಕೆಂಡುಗಳ ಮಟ್ಟದಲ್ಲಿ ಉಳಿಯುತ್ತದೆ. ಹರಳಿನೊಳಗಿನ ತುಣುಕಿಗೆ ಆ ಹೊರೆಯಿಲ್ಲ. ತಿರುಗುವಿಕೆಯಿಂದಲೇ ಧ್ರುವೀಕರಣ ಬದಲಾಗಬಲ್ಲದು ಎಂಬುದಕ್ಕೆ ಬಳಕೆಯಲ್ಲೇ ಸಾಕ್ಷಿಯಿದೆ: 1969ರಲ್ಲಿ ಜಪಾನಿನಲ್ಲಿ, ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೊ ಗುಣ ಪತ್ತೆಯಾದ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕಿನಲ್ಲಿ ಸರಪಳಿಗಳು ತಮ್ಮ ಅಕ್ಷದ ಸುತ್ತ ಹೊರಳುತ್ತವೆ, ಅದು ಇಂದು ಸೆನ್ಸರ್‌ಗಳಲ್ಲಿದೆ. 2016ರಲ್ಲಿ ಅದೇ ದೇಶದಿಂದ ಬಂದ ಇನ್ನೊಂದು ಕೆಲಸ ಹೆಚ್ಚು ಭರವಸೆ ಹುಟ್ಟಿಸುತ್ತದೆ. ಬಹುಮಟ್ಟಿಗೆ ಗೋಲಾಕಾರದ ಅಯಾನುಗಳಿರುವ ಆ ಮೃದು ಹರಳುಗಳಲ್ಲಿ, ಹರಳು ಯಾವ ದಿಕ್ಕಿಗೆ ಬೆಳೆದಿದ್ದರೂ ಧ್ರುವೀಕರಣದ ದಿಕ್ಕನ್ನು ಕ್ಷೇತ್ರದಿಂದ ಬದಲಿಸಬಹುದು. ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಪಿಂಗಾಣಿ ಸುಡುವ ಅಗತ್ಯ ಇಂಥ ವಸ್ತುಗಳಿಗಿಲ್ಲ.

ಎಲ್ಲವನ್ನೂ ತೂಗಿ ನೋಡಿದರೆ, ಲೈಟರಿನ ಪಿಂಗಾಣಿಯನ್ನು ಈ ಹರಳುಗಳು ಸದ್ಯಕ್ಕೆ ಕದಲಿಸಲಾರವು. ತೆಳು ಪದರದ ಸೆನ್ಸರ್, ಮೈಕ್ರೊವೇವ್ ಫಿಲ್ಟರ್‌ನಂಥ ಕಿರಿದಾದ ಜಾಗಗಳಲ್ಲಿ ಮೊದಲು ನೆಲೆ ಕಂಡುಕೊಳ್ಳುವ ಸಾಧ್ಯತೆ ಹೆಚ್ಚು. ಆ ದಾರಿ ತೋರಿಸುವ ಮೂಲ ಸಂಶೋಧನೆಗೆ ಸಾರ್ವಜನಿಕ ಹಣ ಹರಿಯುವುದು ನ್ಯಾಯವೇ, ಅದರ ಜೊತೆಗೆ ಪರೀಕ್ಷೆಯೂ ಬಿಗಿಯಾಗಿರಬೇಕು. ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಮೂಡುವ ಕುಣಿಕೆಯಾಕಾರದ ರೇಖೆ ಫೆರೊಎಲೆಕ್ಟ್ರಿಕ್ ಗುಣದ ರುಜುವಾತೆಂದು ಮುಂದಿಡುವುದು ವಾಡಿಕೆ. ಹರಳಿನಲ್ಲಿ ವಿದ್ಯುತ್ ಸೋರುತ್ತಿದ್ದರೂ ಹಾಗೆಯೇ ಕಾಣುವ ಕುಣಿಕೆ ಮೂಡುತ್ತದೆ. ಹಾಗಾಗಿ ಪ್ರತಿ ಹೊಸ ಘೋಷಣೆಯ ಮುಂದೆ ನಾವು ಕೇಳಬೇಕಾದದ್ದು ಇಷ್ಟು: ಆ ಕುಣಿಕೆ ಯಾವ ತಾಪಮಾನದಲ್ಲಿ ಬಂತು, ಮೇಲೆ ಹೋಗಿ ತುದಿಯಲ್ಲಿ ನಿಜವಾಗಿ ಮಟ್ಟಸವಾಯಿತೇ, ಎಷ್ಟು ಲಕ್ಷ ಆವರ್ತಗಳ ನಂತರವೂ ಉಳಿಯಿತು?