ಚಿಕ್ಕ ಸ್ಕೇಲಿನ ಮಾದರಿ ರೈಲು: ಹವ್ಯಾಸದೊಳಗಿನ ಗಣಿತ

ಪೀಠಿಕೆ

ನಿಜವಾದ ರೈಲನ್ನು ಕಿರಿದುಗೊಳಿಸಿ, ಹಳಿ, ನಿಲ್ದಾಣ, ಸೇತುವೆ, ಗುಡ್ಡಗಳ ಸಮೇತ ಮೇಜಿನ ಮೇಲೆ ಕಟ್ಟಿ ಓಡಿಸುವುದು ಜರ್ಮನಿ, ಬ್ರಿಟನ್, ಅಮೆರಿಕ, ಜಪಾನುಗಳಲ್ಲಿ ದೊಡ್ಡವರ ಹವ್ಯಾಸ. ಆಟಿಕೆ ರೈಲಿಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸ ಒಂದೇ. ಆಟಿಕೆಯಲ್ಲಿ ರೈಲಿನ ಹೋಲಿಕೆ ಇದ್ದರೆ ಸಾಕು. ಮಾದರಿ ರೈಲಿನಲ್ಲಿ ಎಂಜಿನ್, ಬೋಗಿ, ಬಾಗಿಲು, ಪಕ್ಕದಲ್ಲಿ ನಿಂತ ಮನುಷ್ಯ ಎಲ್ಲವೂ ಒಂದೇ ಅನುಪಾತದಲ್ಲಿ ಇರಬೇಕು. ಈ ಅನುಪಾತವನ್ನೇ ಸ್ಕೇಲ್ ಎನ್ನುತ್ತಾರೆ.

ಅನುಪಾತ, ಸಮರೂಪತೆ, ಘನಫಲ, ವಿದ್ಯುತ್ ಮಂಡಲ ಇವೆಲ್ಲ ಪ್ರೌಢಶಾಲೆಯಲ್ಲಿ ನಾವು ಪಾಠ ಮಾಡಬೇಕಾದ ವಿಷಯಗಳು. ಚಿಕ್ಕ ಸ್ಕೇಲಿನ ಮಾದರಿ ರೈಲಿನಲ್ಲಿ ಇವು ನಾಲ್ಕೂ ಒಟ್ಟಿಗೆ ಸಿಗುತ್ತವೆ. ಈ ಹವ್ಯಾಸದ ಸಂತೋಷ ಎಲ್ಲಿದೆ, ಕಷ್ಟ ಎಲ್ಲಿದೆ, ಹಳಿಯನ್ನೇ ಕೊಳ್ಳದೆ ಅದರಿಂದ ತರಗತಿಗೆ ಏನನ್ನು ತರಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸ್ಕೇಲ್ ಬೇರೆ, ಗೇಜ್ ಬೇರೆ

ಸ್ಕೇಲ್ ಎಂದರೆ ಮಾದರಿಗೂ ನಿಜವಾದ ವಸ್ತುವಿಗೂ ಇರುವ ಅನುಪಾತ. ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ. ಬಳಕೆಯಲ್ಲಿರುವ ಮುಖ್ಯ ಸ್ಕೇಲುಗಳು ಇವು. ಸುಮಾರು 24 ಮೀಟರ್ ಉದ್ದದ ಎಲ್‌ಎಚ್‌ಬಿ ಬೋಗಿ ಆಯಾ ಸ್ಕೇಲಿನಲ್ಲಿ ಎಷ್ಟು ಉದ್ದವಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿ ಕೊಟ್ಟಿದ್ದೇನೆ.

ಎಚ್‌ಓ: 1:87, ಗೇಜ್ 16.5 ಮಿ.ಮೀ., ಬೋಗಿ 27.6 ಸೆಂ.ಮೀ.
ಟಿಟಿ: 1:120, ಗೇಜ್ 12 ಮಿ.ಮೀ., ಬೋಗಿ 20 ಸೆಂ.ಮೀ.
ಎನ್: 1:160, ಗೇಜ್ 9 ಮಿ.ಮೀ., ಬೋಗಿ 15 ಸೆಂ.ಮೀ.
ಝಡ್: 1:220, ಗೇಜ್ 6.5 ಮಿ.ಮೀ., ಬೋಗಿ 10.9 ಸೆಂ.ಮೀ.
ಟಿ: 1:450, ಗೇಜ್ 3 ಮಿ.ಮೀ., ಬೋಗಿ 5.3 ಸೆಂ.ಮೀ.

ಇವುಗಳಲ್ಲಿ ಎಚ್‌ಓ ಹೆಚ್ಚು ಪ್ರಚಲಿತವಾದದ್ದು. ಎನ್ ಮತ್ತು ಅದಕ್ಕಿಂತ ಕಿರಿದಾದವುಗಳನ್ನು ಇಲ್ಲಿ ಚಿಕ್ಕ ಸ್ಕೇಲ್ ಎಂದು ಕರೆದಿದ್ದೇನೆ. 9 ಮಿ.ಮೀ. ಹಳಿಯ ರೈಲನ್ನು 1960ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿ ಮಾರುಕಟ್ಟೆಗೆ ತಂದಿತು. ಎನ್ ಎಂಬ ಹೆಸರು ಬಂದದ್ದೂ ಈ ಒಂಬತ್ತರಿಂದಲೇ. ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಒಂಬತ್ತು ಎಂಬ ಪದ ಆ ಅಕ್ಷರದಿಂದಲೇ ಆರಂಭವಾಗುತ್ತದೆ. ಜಪಾನಿನಲ್ಲಿ ಕಾಟೋ ಕಂಪನಿ 1965ರಲ್ಲಿ ತನ್ನ ಮೊದಲ ಎನ್ ಎಂಜಿನ್ ಹೊರತಂದಿತು. 1972ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಝಡ್ ಸ್ಕೇಲನ್ನು ಆರಂಭಿಸಿತು.

ಮೇಲಿನ ಪಟ್ಟಿಯಲ್ಲಿ ಗೇಜನ್ನು ಸ್ಕೇಲಿನಿಂದ ಗುಣಿಸಿ ನೋಡಿ. 9 × 160 = 1440; 6.5 × 220 = 1430; 12 × 120 = 1440; 16.5 × 87 = 1435.5. ಯುರೋಪ್ ಮತ್ತು ಅಮೆರಿಕದ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ. ಅಂದರೆ ಈ ನಾಲ್ಕೂ ಸ್ಕೇಲುಗಳು ಆ ಹಳಿಗಾಗಿಯೇ ಹೊಂದಿಸಿದವು. ಟಿ ಸ್ಕೇಲಿನಲ್ಲಿ ಮಾತ್ರ ಗುಣಲಬ್ಧ 1350. ಹಳಿ ತುಸು ಕಿರಿದಾಗುತ್ತದೆ.

ನಮ್ಮ ರೈಲಿಗೆ ಇದೇ ಲೆಕ್ಕ ಹಾಕಿದರೆ ತೊಡಕು ಕಾಣುತ್ತದೆ. ಭಾರತದ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 160ರಿಂದ ಭಾಗಿಸಿದರೆ ಸುಮಾರು 10.5 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ 9 ಮಿ.ಮೀ. ಹಾಗಾಗಿ ಭಾರತದ ಎಂಜಿನ್ನನ್ನು ಎನ್ ಸ್ಕೇಲಿನಲ್ಲಿ ಮಾಡಿದವರು ಅದನ್ನು ಒಂದೂವರೆ ಮಿಲಿಮೀಟರ್ ಇಕ್ಕಟ್ಟಾದ ಹಳಿಯ ಮೇಲೆ ನಿಲ್ಲಿಸುತ್ತಾರೆ. ಹಳಿಗೆ ಸರಿಹೊಂದುವಂತೆ ಸ್ಕೇಲನ್ನೇ 1:186 ಮಾಡಿಕೊಳ್ಳಬಹುದಲ್ಲ ಎಂದರೆ, ಆ ಸ್ಕೇಲಿನಲ್ಲಿ ಮನೆ, ಮರ, ಮನುಷ್ಯ ಯಾವುದೂ ಸಿದ್ಧವಾಗಿ ಸಿಗುವುದಿಲ್ಲ. ಆದರೆ ಮೀಟರ್ ಗೇಜಿಗೆ ಒಂದು ಅನುಕೂಲವಿದೆ. 1000 ಮಿ.ಮೀ. ಅನ್ನು 160ರಿಂದ ಭಾಗಿಸಿದರೆ 6.25 ಮಿ.ಮೀ.; ಝಡ್ ಹಳಿ 6.5 ಮಿ.ಮೀ. ಝಡ್ ಹಳಿಯ ಮೇಲೆ ಎನ್ ಸ್ಕೇಲಿನ ಬೋಗಿ ಕಟ್ಟಿ ಕೂರಿಸಿದರೆ, ಬೆಂಗಳೂರು–ಮೈಸೂರು ನಡುವೆ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ ರೈಲು ಕಾಲು ಮಿಲಿಮೀಟರ್ ವ್ಯತ್ಯಾಸದಲ್ಲಿ ಸರಿಯಾಗಿ ಬರುತ್ತದೆ. ಇಂಥ ಹೊಂದಾಣಿಕೆಗಳನ್ನು ಹುಡುಕುವುದೇ ಹವ್ಯಾಸಿಗಳಿಗೆ ದೊಡ್ಡ ಖುಷಿ.

ಸಣ್ಣ ಕೋಣೆ, ಉದ್ದ ರೈಲು

ಚಿಕ್ಕ ಸ್ಕೇಲನ್ನು ಆರಿಸಿಕೊಳ್ಳಲು ಮೊದಲ ಕಾರಣ ಜಾಗ. 22 ಬೋಗಿಗಳ ಒಂದು ಎಕ್ಸ್‌ಪ್ರೆಸ್ ಗಾಡಿಯನ್ನು ತೆಗೆದುಕೊಳ್ಳೋಣ. ಬೋಗಿಗಳ ಉದ್ದವೇ ಸುಮಾರು 528 ಮೀಟರ್. ಎಚ್‌ಓನಲ್ಲಿ ಅದು 6 ಮೀಟರ್ ದಾಟುತ್ತದೆ. ನಮ್ಮ ಸಾಮಾನ್ಯ ಮನೆಯ ಕೋಣೆಯಲ್ಲಿ ಹಿಡಿಸುವುದಿಲ್ಲ. ಎನ್‌ನಲ್ಲಿ 3.3 ಮೀಟರ್, 12 ಅಡಿ ಗೋಡೆಯ ಉದ್ದಕ್ಕೆ ನಿಲ್ಲುತ್ತದೆ. ಝಡ್‌ನಲ್ಲಿ 2.4 ಮೀಟರ್. ಉದ್ದ ಸುಮಾರು ಅರ್ಧಕ್ಕಿಳಿದರೂ ವಿಸ್ತೀರ್ಣ ಇನ್ನೂ ಬೇಗ ಇಳಿಯುತ್ತದೆ. ಎಚ್‌ಓನಲ್ಲಿ ಬೇಕಾದ ಜಾಗದ ಮೂರನೇ ಒಂದಕ್ಕಿಂತ ಕಡಿಮೆ ಜಾಗದಲ್ಲಿ ಅದೇ ನಿಲ್ದಾಣವನ್ನು ಎನ್‌ನಲ್ಲಿ ಕಟ್ಟಬಹುದು. ಝಡ್‌ನಲ್ಲಿ ಸುಮಾರು ಆರನೇ ಒಂದು ಭಾಗ ಸಾಕು.

ಉಳಿದ ಜಾಗವನ್ನು ಹವ್ಯಾಸಿಗಳು ಇನ್ನಷ್ಟು ಹಳಿಯಿಂದ ತುಂಬಿಸುವುದಕ್ಕಿಂತ ಗುಡ್ಡ, ಹೊಳೆ, ಹೊಲಗಳಿಗೆ ಬಿಡುವುದೇ ಚೆಂದ. ದೊಡ್ಡ ಸ್ಕೇಲಿನಲ್ಲಿ ಕಣ್ಣು ಎಂಜಿನ್ ಮೇಲೆ ನಿಲ್ಲುತ್ತದೆ. ಚಿಕ್ಕ ಸ್ಕೇಲಿನಲ್ಲಿ ನಾಡಿನ ನಡುವೆ ಹಾದುಹೋಗುವ ಇಡೀ ರೈಲು ಕಾಣುತ್ತದೆ. 1:160ರಲ್ಲಿ 20 ಮೀಟರ್ ಎತ್ತರದ ತೆಂಗಿನ ಮರ ಹನ್ನೆರಡೂವರೆ ಸೆಂಟಿಮೀಟರ್, ಅದರ ಕೆಳಗೆ ನಿಂತ ಮನುಷ್ಯ ಒಂದು ಸೆಂಟಿಮೀಟರ್. ಹಳಿಯ ಜಲ್ಲಿಕಲ್ಲು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ; ಆದ್ದರಿಂದ ಜಾಲಿಸಿದ ಸಣ್ಣ ಮರಳೇ ಜಲ್ಲಿಯಾಗುತ್ತದೆ. ಹಾಕುವ ಮೊದಲು ಮರಳಿನಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣ ತೆಗೆಯಬೇಕು, ಇಲ್ಲದಿದ್ದರೆ ಅವು ಮೋಟಾರಿಗೆ ಅಂಟುತ್ತವೆ. ಬಳಸಿ ಒಣಗಿಸಿದ ಚಹಾಪುಡಿ ಮಣ್ಣಾಗುತ್ತದೆ, ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲಾಗುತ್ತದೆ.

ಎಲ್ಲವೂ ಕಿರಿದಾಗುವುದಿಲ್ಲ. ಕೋನ ಮತ್ತು ಇಳಿಜಾರು ಹಾಗೆಯೇ ಉಳಿಯುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಮಾದರಿಯಲ್ಲೂ ಅದು 50ಕ್ಕೆ 1. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಿ ಹೋಗಲು ಎನ್‌ನಲ್ಲಿ ಸುಮಾರು 5 ಸೆಂ.ಮೀ. ಎತ್ತರ ಬೇಕು ಎಂದಿಟ್ಟುಕೊಂಡರೆ, ಈ ಏರಿನಲ್ಲಿ ಅಲ್ಲಿಗೆ ತಲುಪಲು 250 ಸೆಂ.ಮೀ. ಉದ್ದದ ಹಳಿ ಬೇಕು.

ತಿರುವಿನ ವಿಷಯದಲ್ಲಿ ಎಲ್ಲರೂ ರಾಜಿ ಮಾಡಿಕೊಳ್ಳುತ್ತಾರೆ. ನಮ್ಮ ಬ್ರಾಡ್ ಗೇಜ್ ಹಳಿಯಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. 1:160ರಲ್ಲಿ ಅದು 109 ಸೆಂ.ಮೀ. ಆಗಬೇಕು. ಎನ್ ಸ್ಕೇಲಿನಲ್ಲಿ ಹೆಚ್ಚು ಮಾರಾಟವಾಗುವ ತಿರುವುಗಳಲ್ಲಿ ಒಂದರ ತ್ರಿಜ್ಯ 24.9 ಸೆಂ.ಮೀ. ನಿಜದಲ್ಲಿ ಅದು 40 ಮೀಟರಿಗೆ ಸಮ. ಆದ್ದರಿಂದಲೇ ಬಿಗಿ ತಿರುವುಗಳನ್ನು ಗುಡ್ಡದೊಳಗಿನ ಸುರಂಗದಲ್ಲಿ ಮರೆಮಾಡುವುದು ರೂಢಿ.

ಚಿಕ್ಕದಾದಂತೆ ಬರುವ ಕಷ್ಟ

ಪಾಠಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ. ಡಬ್ಲ್ಯುಎಪಿ–7 ವಿದ್ಯುತ್ ಎಂಜಿನ್ನಿನ ತೂಕ 123 ಟನ್, ಉದ್ದ ಸುಮಾರು 20.5 ಮೀಟರ್. ಅದೇ ವಸ್ತುಗಳಿಂದ, ಒಳಗಿನ ಭಾಗಗಳನ್ನೂ ಬಿಡದೆ, 160ನೇ ಒಂದು ಅಳತೆಯಲ್ಲಿ ಮಾಡಿದರೆ ಉದ್ದವೆಷ್ಟು, ತೂಕವೆಷ್ಟು? ಉದ್ದ 12.8 ಸೆಂ.ಮೀ. ಎಂದು ಬೇಗ ಬಂತು. ತೂಕಕ್ಕೂ ಹೆಚ್ಚಿನವರು 160ರಿಂದಲೇ ಭಾಗಿಸಿ 769 ಕಿ.ಗ್ರಾಂ. ಎಂದರು. ಅಂಗೈ ಮೇಲೆ ಇಡುವ ಎಂಜಿನ್ನಿಗೆ ಒಂದು ಎಮ್ಮೆಗಿಂತ ಹೆಚ್ಚು ತೂಕ! ಉತ್ತರ ತಪ್ಪು ಎಂದು ನಾನು ಹೇಳಬೇಕಾಗಲಿಲ್ಲ. ಕೈ ಚಾಚಿ ನೋಡಿ ಅವರೇ ನಕ್ಕರು. ಉದ್ದ, ಅಗಲ, ಎತ್ತರ ಮೂರೂ 160 ಪಟ್ಟು ಕಿರಿದಾಗುವುದರಿಂದ ತೂಕವನ್ನು 160 × 160 × 160, ಅಂದರೆ 40,96,000ದಿಂದ ಭಾಗಿಸಬೇಕು. ಉತ್ತರ ಸುಮಾರು 30 ಗ್ರಾಂ.

ಹವ್ಯಾಸಿಗಳ ಕಷ್ಟ ಶುರುವಾಗುವುದು ಈ 30 ಗ್ರಾಮಿನಿಂದ. ಚಕ್ರ ಜಾರದೆ ಎಳೆಯಲು ಭಾರ ಬೇಕು. ಹಳಿಯಿಂದ ಚಕ್ರಕ್ಕೆ ವಿದ್ಯುತ್ ಹರಿಯಲು ಒತ್ತಡ ಬೇಕು. ತೂಕ ಘನದಂತೆ ಕುಸಿಯುತ್ತದೆ, ಆದರೆ ಹಳಿಯ ಮೇಲಿನ ಧೂಳು ಮತ್ತು ಕಿಲುಬು ಕಿರಿದಾಗುವುದಿಲ್ಲ. ಎಚ್‌ಓ ಎಂಜಿನ್ ಗಮನಿಸದೆ ದಾಟುವ ಧೂಳಿನ ಪದರ ಝಡ್ ಎಂಜಿನ್ನಿಗೆ ಗೋಡೆಯಾಗುತ್ತದೆ. ಇದಕ್ಕೆ ಜಡತ್ವದ ಕೊರತೆಯೂ ಸೇರುತ್ತದೆ. ಎಂಜಿನ್ ಒಳಗಿನ ಸಮತೋಲನ ಚಕ್ರದ ಜಡತ್ವ ಮಹತ್ವ ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗವನ್ನು ಅವಲಂಬಿಸಿದೆ. ಅಂದರೆ ಅಳತೆಯ ಐದನೇ ಘಾತ. ಎಚ್‌ಓನಿಂದ ಎನ್‌ಗೆ ಇಳಿದರೆ, ಅದೇ ವೇಗದಲ್ಲಿ ತಿರುಗುವ ಚಕ್ರದಲ್ಲಿ ಉಳಿಯುವ ಶಕ್ತಿ ಸುಮಾರು 21ನೇ ಒಂದು ಭಾಗ. ವಿದ್ಯುತ್ ಕ್ಷಣಕಾಲ ತಪ್ಪಿದರೂ ಚಿಕ್ಕ ಎಂಜಿನ್ ಅಲ್ಲೇ ನಿಲ್ಲುವುದು ಇದಕ್ಕಾಗಿಯೇ.

ಪರಿಹಾರಗಳೂ ಇದೇ ವಿಜ್ಞಾನದಿಂದ ಬರುತ್ತವೆ. ತಯಾರಕರು ಎಂಜಿನ್ ಒಳಗೆ ಲೋಹದ ಗಟ್ಟಿ ತುಂಬಿ ತೂಕ ಹೆಚ್ಚಿಸುತ್ತಾರೆ. ಎಲ್ಲ ಚಕ್ರಗಳಿಂದಲೂ ವಿದ್ಯುತ್ ಪಡೆಯುತ್ತಾರೆ. ಕೆಲವು ಚಕ್ರಗಳಿಗೆ ರಬ್ಬರ್ ಪಟ್ಟಿ ಹಾಕುತ್ತಾರೆ. ಹವ್ಯಾಸಿಗಳು ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುತ್ತಾರೆ. ಉದ್ದದ ಹಳಿಗೆ ಒಂದೇ ಕಡೆ ತಂತಿ ಜೋಡಿಸದೆ ಹಲವು ಕಡೆ ಜೋಡಿಸಿ ವೋಲ್ಟೇಜ್ ಇಳಿಯದಂತೆ ನೋಡಿಕೊಳ್ಳುತ್ತಾರೆ. ಸಾಮಾನ್ಯ ಎನ್ ರೈಲು ಗರಿಷ್ಠ 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ಓಡುತ್ತದೆ: ಒಂದು ಹಳಿ ಧನ, ಇನ್ನೊಂದು ಋಣ. ಎರಡನ್ನೂ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಚಲಿಸುತ್ತದೆ. ಹಳಿಯೇ ಸುತ್ತಿ ಬಂದು ತನ್ನನ್ನು ತಾನು ಸೇರಿದರೆ ಧನ ಹಳಿ ಋಣ ಹಳಿಗೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಎರಡು ಬಣ್ಣದ ಸೀಮೆಸುಣ್ಣದಿಂದ ಹಲಗೆಯ ಮೇಲೆ ಆ ಸುತ್ತನ್ನು ಬರೆದರೆ ಮಕ್ಕಳಿಗೆ ಇದು ತಕ್ಷಣ ಕಾಣುತ್ತದೆ.

ವೇಗವನ್ನೂ ಮರೆಯುವಂತಿಲ್ಲ. ಗಂಟೆಗೆ 100 ಕಿ.ಮೀ. ಎಂಬುದು 1:160ರಲ್ಲಿ ಸೆಕೆಂಡಿಗೆ 17.4 ಸೆಂ.ಮೀ. ಮೂರೂವರೆ ಮೀಟರ್ ಗೋಡೆಯನ್ನು ದಾಟಲು 20 ಸೆಕೆಂಡ್ ಹಿಡಿಯಬೇಕು. ಅದಕ್ಕಿಂತ ಜೋರಾಗಿ ಓಡಿಸಿದರೆ ಎಷ್ಟೇ ಚೆಂದದ ಮಾದರಿಯೂ ಆಟಿಕೆಯಂತೆ ಕಾಣುತ್ತದೆ.

ಎಂಟು ಬೆಂಕಿಪೊಟ್ಟಣಗಳ ಒಗಟು

ರೈಲು ಸುತ್ತು ಹೊಡೆಯುವುದನ್ನು ನೋಡಿ ಬೇಸರವಾದವರಿಗೆ ಶಂಟಿಂಗ್ ಒಗಟುಗಳಿವೆ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಅವುಗಳಲ್ಲಿ ಪ್ರಸಿದ್ಧ. ಮೂರು ಹಳಿಗಳು, ಒಂದರಲ್ಲಿ 5, ಉಳಿದ ಎರಡರಲ್ಲಿ ತಲಾ 3 ವ್ಯಾಗನ್ನುಗಳಿಗೆ ಜಾಗ. ಮೂರೂ ಸೇರುವಲ್ಲಿ ಎಂಜಿನ್ ಮತ್ತು 3 ವ್ಯಾಗನ್ ಹಿಡಿಸುವಷ್ಟು ಹಳಿ. ಒಟ್ಟು 8 ವ್ಯಾಗನ್ನುಗಳಲ್ಲಿ ಚೀಟಿ ಎತ್ತಿ 5ನ್ನು ಆರಿಸಿ, ಚೀಟಿ ಬಂದ ಅನುಕ್ರಮದಲ್ಲೇ ಅವನ್ನು ಜೋಡಿಸಿ ನಿಲ್ಲಿಸಬೇಕು. ಎನ್ ಸ್ಕೇಲಿನಲ್ಲಿ ಗಿಡ್ಡ ವ್ಯಾಗನ್ ಬಳಸಿದರೆ ಇದು ಒಂದು ಮೀಟರ್ ಹಲಗೆಯಲ್ಲಿ ಮುಗಿಯುತ್ತದೆ. ಸಾಧ್ಯವಿರುವ ಅನುಕ್ರಮಗಳು ಮಾತ್ರ 8 × 7 × 6 × 5 × 4, ಅಂದರೆ 6720.

ತರಗತಿಯಲ್ಲಿ ಇದಕ್ಕೆ ರೈಲೇ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಹಳಿ ಬರೆದು, ಎಂಟು ಖಾಲಿ ಬೆಂಕಿಪೊಟ್ಟಣಗಳಿಗೆ 1ರಿಂದ 8ರವರೆಗೆ ಸಂಖ್ಯೆ ಹಾಕಿದರೆ ಸಾಕು. ಎಂಜಿನ್ ಜಾಗದಲ್ಲಿ ಒಂದು ರಬ್ಬರ್ ಇಡಬಹುದು. ಪೊಟ್ಟಣವನ್ನು ಎತ್ತಿ ಇಡುವಂತಿಲ್ಲ, ಎಳೆಯಬೇಕು ಅಥವಾ ತಳ್ಳಬೇಕು. ನಾಲ್ಕು ಮಕ್ಕಳ ಗುಂಪಿನಲ್ಲಿ ಒಬ್ಬರು ಚಲನೆಗಳನ್ನು ಎಣಿಸಿ ಬರೆದರೆ, ಯಾವ ಗುಂಪು ಕಡಿಮೆ ಚಲನೆಯಲ್ಲಿ ಮುಗಿಸಿತು ಎಂದು ಹೋಲಿಸಬಹುದು.

ಉಪಸಂಹಾರ: ಮಾದರಿ ಎಲ್ಲಿ ತಪ್ಪುತ್ತದೆ?

ಚಿಕ್ಕ ಸ್ಕೇಲಿನ ಹವ್ಯಾಸಿಗಳಿಂದ ಶಿಕ್ಷಕರು ಕಲಿಯಬೇಕಾದ ಒಂದು ಶಿಸ್ತಿದೆ. ತಮ್ಮ ಮಾದರಿ ಎಲ್ಲಿ ನಿಜವಲ್ಲ ಎಂಬುದು ಅವರಿಗೆ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿರುತ್ತದೆ. 60 ಕಿಲೋ ಹಳಿಯ ಎತ್ತರ 172 ಮಿ.ಮೀ.; ಎನ್‌ನಲ್ಲಿ ಅದು 1.1 ಮಿ.ಮೀ. ಇರಬೇಕು, ಹಳೆಯ ಮಾದರಿಯ ಎನ್ ಹಳಿ 2 ಮಿ.ಮೀ. ಇದೆ. ಹಳಿ ದಪ್ಪ, ತಿರುವು ಬಿಗಿ, ಎಂಜಿನ್ ಭಾರ. ಪ್ರತಿಯೊಂದಕ್ಕೂ ಕಾರಣವನ್ನು ಅವರು ಹೇಳಬಲ್ಲರು.

ನಾವು ತರಗತಿಗೆ ಒಯ್ಯುವ ಕಲಿಕೋಪಕರಣಗಳೂ ಮಾದರಿಗಳೇ. ಸೌರವ್ಯೂಹದ ಚಾರ್ಟಿನಲ್ಲಿ ಸೂರ್ಯನನ್ನು ಒಂದು ಸೆಂಟಿಮೀಟರ್ ಅಗಲ ಬರೆದರೆ, ಭೂಮಿ ಅಲ್ಲಿಂದ 107 ಸೆಂ.ಮೀ. ದೂರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯಾಗಿರಬೇಕು. ಯಾವ ಚಾರ್ಟೂ ಹಾಗೆ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಪರಮಾಣುವಿನ ಮಾದರಿಗೂ ಇದೇ ಮಾತು ಅನ್ವಯಿಸುತ್ತದೆ. ರಾಜಿ ಅನಿವಾರ್ಯ, ಆದರೆ ರಾಜಿಯನ್ನು ಹೇಳದೆ ಬಿಟ್ಟರೆ ಮಗು ಚಾರ್ಟನ್ನೇ ಸತ್ಯವೆಂದು ಮನೆಗೆ ಒಯ್ಯುತ್ತದೆ. ಆದ್ದರಿಂದ ಪಾಠಯೋಜನೆಯಲ್ಲಿ ಉಪಕರಣದ ಹೆಸರು ಬರೆಯುವ ಕಡೆ ಇನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು: ಈ ಮಾದರಿಯಲ್ಲಿ ಯಾವುದು ಅನುಪಾತಕ್ಕೆ ಸರಿಯಾಗಿದೆ, ಯಾವುದು ಇಲ್ಲ, ಏಕೆ. ಆ ಸಾಲನ್ನು ತರಗತಿಯಲ್ಲಿ ಮಕ್ಕಳಿಂದಲೇ ತುಂಬಿಸಿದರೆ ಇನ್ನೂ ಒಳ್ಳೆಯದು.