ಪದವಿಗೊಂದು ಲೆಕ್ಕದ ಪುಸ್ತಕ

ಕಾಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣದ ಹೊರಾಂಗಣದಲ್ಲಿ ಒಂದು ಗಳಿಗೆ ನಿಂತವರಿಗೆ, ಹಣೆಯ ತುಂಬ ಮೊಸರು ಅಕ್ಕಿಗಳನ್ನು ಕಲಸಿದ ಕೆಂಪು ಟೀಕಾ ಇಡಿಸಿಕೊಂಡು, ಕೊರಳಿಗೆ ಚೆಂಡುಹೂವಿನ ಮಾಲೆಯನ್ನೂ ಖಾದಾ ವಸ್ತ್ರವನ್ನೂ ಹಾಕಿಸಿಕೊಂಡು, ತಾಯಿಯ ಕೈಯನ್ನು ಬಿಡಲಾರದೆ ಬಿಡುತ್ತ ಒಳಬಾಗಿಲ ಕಡೆಗೆ ನಡೆಯುವ ಹದಿನೆಂಟು ಹತ್ತೊಂಬತ್ತರ ಪ್ರಾಯದ ಹುಡುಗ ಹುಡುಗಿಯರು ಕಣ್ಣಿಗೆ ಬೀಳುವರು. ಆ ಮಕ್ಕಳು ದೂರದೇಶದ ವಿಶ್ವವಿದ್ಯಾನಿಲಯಗಳಿಗೆ ಹೊರಟವರು. ಹೊರಡುವುದಕ್ಕೆ ಸಾಇತ್, ಎಂದರೆ ಶುಭಮುಹೂರ್ತವನ್ನು, ನೋಡಿಕೊಟ್ಟವರು ಮನೆಯ ಪುರೋಹಿತರಾದರೂ, ಆ ಪ್ರಯಾಣವು ಸಾಧ್ಯವೆಂದು ಮೊದಲು ಹೇಳಿದುದು ಮನೆಯ ಕಪಾಟಿನಲ್ಲಿರುವ ಒಂದು ಲೆಕ್ಕದ ಪುಸ್ತಕ. ಆ ಪುಸ್ತಕವನ್ನು ಬರೆಯುವ ವಿದ್ಯೆಯನ್ನು ಓದುಗರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ವಿದ್ಯೆಗಾಗಿ ಗಡಿ ದಾಟುವುದು ನೇಪಾಳಿಗರಿಗೆ ಹೊಸತಲ್ಲ. ಕಾಶಿಯೂ ಕಲಕತ್ತೆಯೂ ಪಟ್ನಾವೂ ತಲೆತಲಾಂತರದಿಂದ ಅವರ ಗುರುಕುಲಗಳಾಗಿದ್ದವು. 1902ರಲ್ಲಿ ರಾಣಾ ಪ್ರಧಾನಿ ಚಂದ್ರ ಶಂಶೇರರು ಎಂಟು ಮಂದಿ ತರುಣರನ್ನು ಯಂತ್ರವಿದ್ಯೆ, ಗಣಿವಿದ್ಯೆ, ಕೃಷಿ ಮೊದಲಾದ ಶಾಸ್ತ್ರಗಳ ಅಭ್ಯಾಸಕ್ಕಾಗಿ ಜಪಾನಿಗೆ ಕಳುಹಿಸಿದರು. ಹಿಂತಿರುಗುವಾಗ ಅವರು ವಿದ್ಯೆಯೊಡನೆ ಸೇವಂತಿಗೆಯ ಬೀಜಗಳನ್ನೂ, ಇಂದು ನೇಪಾಳದಲ್ಲಿ ಹಲುವಾಬೇದ್ ಎಂದು ಕರೆಯಲ್ಪಡುವ ಹಣ್ಣಿನ ಸಸಿಗಳನ್ನೂ ತಂದರೆಂದು ಹೇಳುತ್ತಾರೆ. 1918ರಲ್ಲಿ ತ್ರಿಚಂದ್ರ ಕಾಲೇಜು, 1959ರಲ್ಲಿ ತ್ರಿಭುವನ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆಯೂ ಈ ಯಾತ್ರೆ ನಿಲ್ಲಲಿಲ್ಲ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವು ಬೇರೆ ತೆರನಾದುದು. ಆ ಎಂಟು ಮಂದಿಯ ವೆಚ್ಚವನ್ನು ರಾಜ್ಯದ ಬೊಕ್ಕಸವು ಹೊತ್ತಿತು. ಈಗ ವರ್ಷವೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಅನುಮತಿಪತ್ರಗಳನ್ನು ಪಡೆದು ಹೊರಡಲಣಿಯಾಗುವ ವಿದ್ಯಾರ್ಥಿಗಳಲ್ಲಿ ಬಹುಪಾಲಿನವರ ವೆಚ್ಚವನ್ನು ಹೊರುವುದು ಒಂದೊಂದು ಮನೆಯ ಒಂದೊಂದು ಹೆಗಲು.

ಆ ಅನುಮತಿಪತ್ರದ ಹೆಸರು ನಿರಾಕ್ಷೇಪಣಾ ಪತ್ರ. ನೇಪಾಳದ ಬೀದಿಗಳಲ್ಲಿ ಎಲ್ಲರೂ ಎನ್‌ಒಸಿ ಎಂದೇ ಹೇಳುವುದು. ಶಿಕ್ಷಣ ಸಚಿವಾಲಯವು ಕೊಡುವ ಈ ಪತ್ರವಿಲ್ಲದೆ ಯಾವ ಬ್ಯಾಂಕೂ ವಿದೇಶದ ವಿಶ್ವವಿದ್ಯಾನಿಲಯಕ್ಕೆ ಶುಲ್ಕ ಕಟ್ಟಲು ವಿದೇಶೀ ಹಣವನ್ನು ಮಾರುವಂತಿಲ್ಲ. ಪತ್ರ ದೊರೆತ ಬಳಿಕ ಬ್ಯಾಂಕು ವಿಶ್ವವಿದ್ಯಾನಿಲಯದ ಪ್ರವೇಶಪತ್ರವನ್ನೂ ಶುಲ್ಕದ ಪಟ್ಟಿಯನ್ನೂ ನೋಡಿ ಹಣವನ್ನು ನೇರವಾಗಿ ಅಲ್ಲಿಗೆ ರವಾನಿಸುತ್ತದೆ; ರವಾನೆಯ ಖರ್ಚನ್ನೂ, ಸರ್ಕಾರಕ್ಕೆ ಸಲ್ಲಬೇಕಾದ ಶಿಕ್ಷಣ ಸೇವಾ ಶುಲ್ಕವನ್ನೂ ಅದರ ಜೊತೆಗೆ ಕಟ್ಟಬೇಕು. ಕಾಠ್ಮಂಡುವಿನ ಪುತಲೀಸಡಕ್, ಬಾಗ್‌ಬಜಾರುಗಳಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಫಲಕಗಳನ್ನು ತೂಗುಹಾಕಿರುವ ಕನ್ಸಲ್ಟೆನ್ಸಿಗಳು ಈ ದಾರಿಯನ್ನೆಲ್ಲ ತೋರಿಸಿಕೊಡುತ್ತವೆ. ಆದರೆ ಆ ದಾರಿಯಲ್ಲಿ ನಡೆದು ಮುಗಿಸುವಷ್ಟು ಬುತ್ತಿ ನಮ್ಮಲ್ಲಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಮನೆಯವರೇ ಕಂಡುಕೊಳ್ಳಬೇಕು.

ಚಿತವನ ಜಿಲ್ಲೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬುವಾ, ಎಂದರೆ ತಂದೆ, ಕತಾರಿನಲ್ಲಿ ಹಲವು ವರ್ಷ ದುಡಿದು ಹಿಂತಿರುಗಿದವರು. ಆಮಾ, ಎಂದರೆ ತಾಯಿ, ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವರು. ಮಗಳು ಹನ್ನೆರಡನೆಯ ತರಗತಿಯನ್ನು ಮುಗಿಸಿದವಳು. ಹತ್ತು ಕಟ್ಠಾ, ಎಂದರೆ ಅರ್ಧ ಬಿಘಾ, ಜಮೀನಿದೆ. ರಾತ್ರಿ ಊಟವಾದ ಮೇಲೆ ಮೂವರೂ ಕುಳಿತು ಪುಸ್ತಕವನ್ನು ತೆರೆಯುತ್ತಾರೆ. ಅಡ್ಡಗೆರೆ ಎಳೆದ ಮೊದಲ ಪುಟದಲ್ಲಿ, ವಿಮಾನ ಹತ್ತುವ ಮುನ್ನವೇ ಕೈಬಿಟ್ಟುಹೋಗುವ ಹಣದ ಪಟ್ಟಿ: ಆಂಗ್ಲಭಾಷಾ ಪರೀಕ್ಷೆ, ಅರ್ಜಿಯ ಶುಲ್ಕಗಳು, ದಾಖಲೆಗಳ ಭಾಷಾಂತರ, ನೋಟರಿ, ವೈದ್ಯಕೀಯ ತಪಾಸಣೆ, ವೀಸಾ. ಚಿಲ್ಲರೆ ಬಾಬುಗಳೆಂದು ಇವನ್ನು ಲಘುವಾಗಿ ಎಣಿಸುವಂತಿಲ್ಲ. ಆಸ್ಟ್ರೇಲಿಯದ ವಿದ್ಯಾರ್ಥಿವೀಸಾ ಶುಲ್ಕವು 2024ರ ಜುಲೈಯಲ್ಲಿ 710 ಆಸ್ಟ್ರೇಲಿಯನ್ ಡಾಲರಿನಿಂದ 1,600ಕ್ಕೆ ಏರಿ, 2025ರ ಜುಲೈಯಲ್ಲಿ 2,000 ಆಯಿತು. ನೇಪಾಳಿ ರೂಪಾಯಿಯಲ್ಲಿ ಅದು ಒಂದೂವರೆ ಲಕ್ಷವನ್ನು ಮೀರುತ್ತದೆ. ವೀಸಾ ನಿರಾಕೃತವಾದರೆ ಆ ಹಣ ಹಿಂದಿರುಗಿ ಬರುವುದಿಲ್ಲ. ಆದುದರಿಂದ ಈ ಮೊದಲ ಪುಟವನ್ನು ಸಾಲದಿಂದ ತುಂಬಬಾರದು. ನಷ್ಟವಾದರೂ ಮನೆ ಅಲುಗದಂತಹ ಹಣ, ಉದಾಹರಣೆಗೆ ಆಮಾಳ ಹಾಲಿನ ಉಳಿತಾಯ, ಈ ಪುಟಕ್ಕೆ ತಕ್ಕುದು.

ಎರಡನೆಯ ಪುಟ ಬೋಧನಾ ಶುಲ್ಕದ್ದು, ಮೂರನೆಯದು ಜೀವನವೆಚ್ಚದ್ದು. ಇವೆರಡನ್ನೂ ಒಂದೇ ವರ್ಷಕ್ಕಲ್ಲದೆ ಪದವಿಯ ಕಟ್ಟಕಡೆಯ ವರ್ಷದವರೆಗೂ ಬರೆಯಬೇಕೆಂಬುದು ಈ ವಿದ್ಯೆಯ ಪ್ರಥಮ ಸೂತ್ರ. ಮೊದಲ ವರ್ಷವನ್ನು ಹೇಗಾದರೂ ದಾಟಿಸಿದರೆ ಮುಂದಿನದು ತಾನಾಗಿ ಸಾಗುವುದೆಂಬ ನಂಬಿಕೆಯು ಎಷ್ಟೋ ಮಕ್ಕಳನ್ನು ನಡುಹೊಳೆಯಲ್ಲಿ ನಿಲ್ಲಿಸಿದೆ.

ಇಲ್ಲಿಯೇ ಒಂದು ಸೂಕ್ಷ್ಮವಾದ ಭೇದವನ್ನು ಗುರುತಿಸಬೇಕು. ವೀಸಾ ಕೊಡುವ ದೇಶಗಳು ಇಂತಿಷ್ಟು ಹಣವಿದೆಯೆಂದು ತೋರಿಸಿರೆಂದು ಕೇಳುತ್ತವೆ. ಆಸ್ಟ್ರೇಲಿಯವು 2024ರ ಮೇ ತಿಂಗಳಿನಿಂದ ಒಂದು ವರ್ಷದ ಜೀವನವೆಚ್ಚಕ್ಕೆ 29,710 ಆಸ್ಟ್ರೇಲಿಯನ್ ಡಾಲರನ್ನು ಗೊತ್ತುಮಾಡಿದೆ. ಬ್ರಿಟನ್ನು ಹಣವು ಖಾತೆಯಲ್ಲಿ ಎಡೆಬಿಡದೆ 28 ದಿನ ಇದ್ದಿರಬೇಕೆನ್ನುತ್ತದೆ. ಜರ್ಮನಿಯು ವರ್ಷಕ್ಕೆ 11,904 ಯೂರೋ ಹಣವನ್ನು ಒಂದು ಪ್ರತಿಬಂಧಿತ ಖಾತೆಯಲ್ಲಿ ಇರಿಸಿ, ತಿಂಗಳಿಗೆ 992ರಂತೆ ಮಾತ್ರ ತೆಗೆಯಲು ಬಿಡುತ್ತದೆ. ಹೀಗೆ ತೋರಿಸುವ ಹಣ ಬೇರೆ, ವೆಚ್ಚಮಾಡುವ ಹಣ ಬೇರೆ ಎಂದು ಭಾವಿಸಿ, ನೆಂಟರ ಹಣವನ್ನೋ ಬಡ್ಡಿಗೆ ತಂದ ಹಣವನ್ನೋ ಕೆಲವು ವಾರ ಖಾತೆಯಲ್ಲಿ ನಿಲ್ಲಿಸಿ, ವೀಸಾ ಬಂದೊಡನೆ ಹಿಂದಿರುಗಿಸುವವರುಂಟು. ಪರದೇಶದ ಅಧಿಕಾರಿಯ ಕಣ್ಣಿಗೆ ಮಣ್ಣೆರಚುವ ಈ ಉಪಾಯವು ಕೊನೆಗೆ ಅಪಾಯವನ್ನು ತರುವುದು ಆ ಅಧಿಕಾರಿಗಲ್ಲ. ದೂರದ ನಗರವೊಂದರ ಚಳಿಗಾಲದಲ್ಲಿ ಮನೆಬಾಡಿಗೆಯ ದಿನ ಬಂದಾಗ ಬರಿಗೈಯಲ್ಲಿ ಕುಳಿತ ಮಗುವಿಗೆ. ಆ ಮೊತ್ತಗಳನ್ನು ಅಡ್ಡಿಯೆಂದು ಬಗೆಯದೆ, ಅಲ್ಲಿ ಬದುಕಲು ನಿಜವಾಗಿ ಬೇಕಾಗುವ ಹಣದ ಅಂದಾಜೆಂದು ಸ್ವೀಕರಿಸಿದ ಮನೆಗೆ ಅವೇ ಹಿತವಚನಗಳಾಗುತ್ತವೆ.

ಹಾಸಿಗೆಯಿದ್ದಷ್ಟು ಕಾಲು ಚಾಚೆನ್ನುತ್ತಾರೆ ನಮ್ಮ ಹಿರಿಯರು. ಈ ಮಕ್ಕಳ ಕಷ್ಟವೆಂದರೆ ಹಾಸಿಗೆಯಿರುವುದು ಒಂದು ನಾಡಿನಲ್ಲಿ, ಕಾಲು ಚಾಚಬೇಕಾದುದು ಮತ್ತೊಂದರಲ್ಲಿ. ನಡುವೆ ವಿನಿಮಯ ದರವೆಂಬುದೊಂದು ಹಾಸಿಗೆಯನ್ನು ದಿನದಿನವೂ ಎಳೆಯುತ್ತಿರುತ್ತದೆ. 1993ರಿಂದ ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರವು ಸ್ಥಿರವಾಗಿ ನಿಂತಿರುವುದರಿಂದ, ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಓದುವ ನೇಪಾಳಿ ವಿದ್ಯಾರ್ಥಿಗೆ ಈ ಚಿಂತೆಯಿಲ್ಲ. ಆದರೆ ಅದೇ ಗಂಟಿನ ದೆಸೆಯಿಂದ, ಡಾಲರಿನೆದುರು ನಮ್ಮ ರೂಪಾಯಿ ಕುಸಿದಂದು ನೇಪಾಳದ ರೂಪಾಯಿಯೂ ಜೊತೆಯಲ್ಲಿಯೇ ಕುಸಿಯುತ್ತದೆ. 2022ರ ಆರಂಭದಲ್ಲಿ ಅಮೆರಿಕದ ಡಾಲರಿಗೆ ಸುಮಾರು 75 ಭಾರತೀಯ ರೂಪಾಯಿಯಿತ್ತು. ಎಂದರೆ 120 ನೇಪಾಳಿ ರೂಪಾಯಿ. 2024ರ ಕೊನೆಗೆ ಅದು ಸುಮಾರು 85 ಆಯಿತು, ಎಂದರೆ 136. ವರ್ಷಕ್ಕೆ 20,000 ಡಾಲರು ಶುಲ್ಕವುಳ್ಳ ಅಮೆರಿಕದ ಒಂದು ಪದವಿಯನ್ನು ತೆಗೆದುಕೊಂಡರೆ, ವಿಶ್ವವಿದ್ಯಾನಿಲಯವು ಒಂದು ಕಾಸನ್ನೂ ಏರಿಸದಿದ್ದಾಗ್ಯೂ, 24 ಲಕ್ಷವಿದ್ದ ಶುಲ್ಕವು 27 ಲಕ್ಷದ 20 ಸಾವಿರವಾಗುತ್ತದೆ. ಆದಕಾರಣ ಬಲ್ಲವರು ಇಂದಿನ ದರದಲ್ಲಿ ಲೆಕ್ಕ ಹಾಕುವುದಿಲ್ಲ. ಪ್ರತಿ ವರ್ಷದ ಮೊತ್ತಕ್ಕೂ ಒಂದಿಷ್ಟನ್ನು ಕೂಡಿಸಿಯೇ ಬರೆಯುತ್ತಾರೆ.

ಆಯದ ಕಡೆಗೆ ಬಂದರೆ, ಅಲ್ಲಿ ಎರಡು ಅಂಕಣಗಳಿರಬೇಕು: ಒಂದು ನಿಶ್ಚಿತ, ಇನ್ನೊಂದು ಅನಿಶ್ಚಿತ. ಬ್ಯಾಂಕಿನ ಠೇವಣಿ, ಮಂಜೂರಾದ ಸಾಲ, ಬರವಣಿಗೆಯಲ್ಲಿ ದೊರೆತ ವಿದ್ಯಾರ್ಥಿವೇತನ, ಇವು ನಿಶ್ಚಿತ. ವಿದ್ಯಾರ್ಥಿವೇತನದಲ್ಲಿಯೂ, ಇಂತಿಷ್ಟು ಅಂಕ ಬಂದರೆ ಮಾತ್ರ ಮುಂದುವರಿಯುವುದೆಂಬ ಷರತ್ತುಳ್ಳದ್ದು ಎರಡನೆಯ ವರ್ಷದಿಂದಾಚೆಗೆ ಅನಿಶ್ಚಿತ ಅಂಕಣಕ್ಕೆ ಸರಿಯತಕ್ಕದ್ದು. ಓದಿನ ಜೊತೆಗೆ ದುಡಿಯುವ ಕೂಲಿಯಂತೂ ಸಂಪೂರ್ಣವಾಗಿ ಅಲ್ಲಿಯದೇ. ಪಾಠಗಳು ನಡೆಯುವ ಕಾಲದಲ್ಲಿ ಅಮೆರಿಕದಲ್ಲಿ ವಾರಕ್ಕೆ 20 ಗಂಟೆ, ಅದೂ ವಿಶ್ವವಿದ್ಯಾನಿಲಯದ ಆವರಣದಲ್ಲಿ. ಆಸ್ಟ್ರೇಲಿಯದಲ್ಲಿ ಎರಡು ವಾರಕ್ಕೆ 48 ಗಂಟೆ. ಜಪಾನಿನಲ್ಲಿ ವಾರಕ್ಕೆ 28 ಗಂಟೆ ದುಡಿಯಬಹುದೆಂಬುದು ನಿಯಮ. ದುಡಿಯಬಹುದೆಂಬುದಕ್ಕೂ ದುಡಿಮೆ ದೊರೆಯುವುದೆಂಬುದಕ್ಕೂ ಬಹಳ ಅಂತರವಿದೆ. ಬೋಧನಾ ಶುಲ್ಕವನ್ನು ಪಾತ್ರೆ ತೊಳೆದು ಕಟ್ಟುವೆನೆಂದು ಹೊರಡುವ ಹುಡುಗನು ಹಗಲು ತರಗತಿಯಲ್ಲಿ ನಿದ್ರಿಸುತ್ತಾನೆ. ಅಂಕ ಇಳಿಯುತ್ತದೆ, ವಿದ್ಯಾರ್ಥಿವೇತನ ತಪ್ಪುತ್ತದೆ, ನಿಯಮ ಮೀರಿ ದುಡಿಯುವ ಪ್ರಲೋಭನೆ ಬರುತ್ತದೆ. ಆ ಕೂಲಿ ಬಂದರೆ ತರಕಾರಿಗೂ ಬಸ್ಸಿಗೂ ಆಗಲಿ; ಶುಲ್ಕವು ಅದನ್ನು ನೆಚ್ಚದಿರಲಿ.

ಹೀಗೆ ಅಂಕಣಗಳನ್ನು ಬೇರ್ಪಡಿಸಿದಾಗ ದೇಶದ ಆಯ್ಕೆಯೂ ಬೇರೆಯಾಗುವುದುಂಟು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪು ಒಕ್ಕೂಟದ ಹೊರಗಿನವರಿಂದ ಅರ್ಧವರ್ಷಕ್ಕೆ 1,500 ಯೂರೋ ಪಡೆಯುತ್ತದೆ. ಶುಲ್ಕವಿಲ್ಲದ ಕಡೆಯಲ್ಲಿಯೂ, ಭಾಷೆ ಕಲಿಯಲು ಹಿಡಿಯುವ ಕಾಲವನ್ನು ವೆಚ್ಚದ ಅಂಕಣದಲ್ಲಿ ಬರೆಯಬೇಕು, ಕಾಲವೂ ಹಣವೇ.

ನಮ್ಮ ಚಿತವನದ ಮನೆಗೆ ಮರಳೋಣ. ಎಲ್ಲವನ್ನೂ ಕೂಡಿ ಕಳೆದ ಮೇಲೂ ಕೊರತೆಯುಳಿದರೆ ಬುವಾ ಎದ್ದು ಪೆಟ್ಟಿಗೆಯಿಂದ ಲಾಲ್‌ಪುರ್ಜಾವನ್ನು ತರುತ್ತಾರೆ. ಜಮೀನಿನ ಒಡೆತನವನ್ನು ಸಾರುವ ಆ ಪತ್ರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟಾಗ ಸಾಲ ದೊರೆಯುತ್ತದೆ. ಅವರು ಕತಾರಿನ ಬಿಸಿಲಿನಲ್ಲಿ ಗಳಿಸಿದ ಹತ್ತು ಕಟ್ಠಾವೇ ಮಗಳ ತರಗತಿಯ ಬಾಗಿಲಾಗುತ್ತದೆ. ಆ ಗಳಿಗೆಯಲ್ಲಿ ಕೇಳಬೇಕಾದ ಪ್ರಶ್ನೆ, ಸಾಲ ಎಷ್ಟು ಸಿಕ್ಕೀತು ಎಂಬುದಲ್ಲ. ಮಗಳು ಪದವಿ ಮುಗಿಸಿ ಒಂದು ವರ್ಷ ಕೆಲಸ ಸಿಗದೆ ಇದ್ದರೂ ಕಂತು ಕಟ್ಟಿ ಜಮೀನನ್ನು ಉಳಿಸಿಕೊಳ್ಳಬಲ್ಲೆವೇ ಎಂಬುದು. ಇಲ್ಲವೆಂದು ಉತ್ತರ ಬಂದರೆ ಅಗ್ಗದ ವಿಶ್ವವಿದ್ಯಾನಿಲಯವನ್ನು ಹುಡುಕುವುದಾಗಲಿ, ಒಂದು ವರ್ಷ ತಡೆದು ವಿದ್ಯಾರ್ಥಿವೇತನಕ್ಕೆ ಯತ್ನಿಸುವುದಾಗಲಿ ಅವಮಾನವಲ್ಲ, ವಿವೇಕ.

ಕೊನೆಯ ಪುಟದಲ್ಲಿ ಒಂದೇ ಒಂದು ಬಾಬು ಇರಲಿ: ಹಿಂತಿರುಗುವ ಟಿಕೇಟಿನ ಹಣ. ಕಾಯಿಲೆಯಾಗಲಿ, ಮನೆಯ ಸಾವಾಗಲಿ, ಸೋಲಾಗಲಿ, ಯಾವ ಕಾರಣಕ್ಕಾದರೂ ಆ ಹಣವನ್ನು ಮುಟ್ಟಲು ಮಗಳಿಗೆ ಅಪ್ಪಣೆಯಿರಲಿ. ಬಾಡಿಗೆಗೂ ಶುಲ್ಕಕ್ಕೂ ಮುಟ್ಟದಿರಲಿ. ಕೈಯಲ್ಲಿ ಹಣವಿಲ್ಲದ ಮಗು ದೂರವಾಣಿಯಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ತಾಯಿಗೆ ಹೇಳುವುದನ್ನು ಕಲಿಯುತ್ತದೆ. ಊರಿಗೆ ಬರುವ ದಾರಿ ತೆರೆದಿದೆಯೆಂದು ಬಲ್ಲ ಮಗು ನಿಜವನ್ನು ಹೇಳುತ್ತದೆ. ಟೀಕಾ ಇಡುವ ಮುಂಜಾನೆ ಆ ಪುಸ್ತಕವೂ ಪಾಸ್‌ಪೋರ್ಟಿನ ಜೊತೆಗೆ ಮಗಳ ಚೀಲವನ್ನು ಸೇರಬೇಕು. ಬುವಾ ಬರೆದು ನಿಲ್ಲಿಸಿದ ಸಾಲಿನ ಕೆಳಗೆ, ಮೊದಲ ತಿಂಗಳ ಮೊದಲ ಖರ್ಚನ್ನು ಅವಳು ತನ್ನ ಅಕ್ಷರದಲ್ಲಿ ಬರೆಯಬೇಕು.